ಕೈಹೊಲಿಗೆಯ ಮಲ್ ಕುರ್ತಾ: ಬಟ್ಟೆ ನೆನೆಹಾಕುವುದರಿಂದ ಕಂಕುಳ ಚೌಕದವರೆಗೆ

ಹೆಚ್ಚಿನ ಮನೆಗಳಲ್ಲಿ ಕೈಹೊಲಿಗೆ ಎಂದರೆ ಬಿಚ್ಚಿದ ಹೆಮ್ಮಿಂಗ್ ಸರಿಮಾಡುವುದು, ಗುಂಡಿ ಹಚ್ಚುವುದು, ಸೀರೆಗೆ ಫಾಲ್ ಕೂರಿಸುವುದು, ಅಷ್ಟೇ. ಇಡೀ ಉಡುಪನ್ನು ಮಿಷನ್ ಮುಟ್ಟದೆ ಹೊಲಿದರೆ ಅದು ಬಾಳುತ್ತದೆಯೇ ಎಂದು ಅನುಮಾನ ಇದ್ದವರು ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿದ ಕವುದಿಯನ್ನು ಒಮ್ಮೆ ಮಗುಚಿ ನೋಡಬೇಕು. ಹಳೆ ಬಟ್ಟೆಯ ಪದರಗಳು, ಒಂದು ಸೂಜಿ, ಒಂದೇ ಬಗೆಯ ಸಾದಾ ಹೊಲಿಗೆ. ಅಂಚಿನಿಂದ ಶುರುವಾಗಿ ಸುತ್ತು ಸುತ್ತುತ್ತ ನಡುವಿಗೆ ಬರುತ್ತದೆ. ಅಷ್ಟು ದಪ್ಪದ ಹೊದಿಕೆಯನ್ನು ವರ್ಷಗಟ್ಟಲೆ ಹಿಡಿದಿಡುವ ಹೊಲಿಗೆಗೆ ತೆಳು ಕುರ್ತಾ ಭಾರವಲ್ಲ.

ಕೈಹೊಲಿದ ಬಟ್ಟೆ ಹಾಳಾಗುವುದು ಟಾಕಾ (ಸೂಜಿಯ ಒಂದೊಂದು ಚುಚ್ಚು) ಹರಿದು ಅಲ್ಲ, ಒಳಗಿನ ಅಂಚು ಎಳೆಬಿಟ್ಟು. ನಮ್ಮ ಕಡೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೀಳುತ್ತದೆ, ಮಳೆಗಾಲದಲ್ಲಿ ಎರಡು ಮೂರು ದಿನ ಜಗಲಿಯ ಹಗ್ಗದ ಮೇಲೆ ಹಸಿಯಾಗಿಯೇ ನೇತಾಡುತ್ತದೆ. ಮಿಷನ್ ಅಂಗಡಿಯವರು ಇಂಟರ್‌ಲಾಕ್ ಹಾಕಿ ಕೊಡುವುದು ಆ ಅಂಚನ್ನು ತಡೆಯಲಿಕ್ಕೇ. ಕೈಹೊಲಿಗೆಯಲ್ಲಿ ಇಂಟರ್‌ಲಾಕ್ ಇಲ್ಲ. ಬದಲಿಗೆ ಪ್ರತಿ ಅಂಚನ್ನೂ ಮಡಚಿ, ಒಳಗೆ ಮುಚ್ಚಿ ಹೊಲಿಯಬೇಕು. ಇದೊಂದನ್ನು ಪಾಲಿಸಿದರೆ ಉಡುಪು ತಿರುಗಿಸಿ ಹಾಕಿಕೊಂಡರೂ ಗೊತ್ತಾಗದಷ್ಟು ಚೊಕ್ಕಟ ಬರುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ಕೆಲಸದ ಸುತ್ತಲೇ ಇವೆ.

ಕಲಿಯಲು ಆರಿಸಿದ್ದು ಮೊಣಕೈವರೆಗೆ ತೋಳಿರುವ ಸಡಿಲ ಕುರ್ತಾ. ಭುಜದಲ್ಲಿ ಹೊಲಿಗೆ ಇಲ್ಲ, ತೋಳಿಗೆ ಗುಂಡು ಕಟಿಂಗ್ ಇಲ್ಲ, ಕುತ್ತಿಗೆ ಬಿಟ್ಟು ಎಲ್ಲವೂ ನೇರ ಗೆರೆ. ಬ್ಲೌಸಿಗೆ ಕೈಹಾಕುವುದು ಆಮೇಲೆ. ಬಿಗಿಯಾಗಿ ಕೂರುವ ಬಟ್ಟೆಯಲ್ಲಿ ಕಟಿಂಗ್ ತಪ್ಪು ಯಾವುದು, ಹೊಲಿಗೆ ತಪ್ಪು ಯಾವುದು ಎಂದು ಹೊಸಬರಿಗೆ ತಿಳಿಯುವುದಿಲ್ಲ.

ಬಟ್ಟೆ

ಎದೆ ಸುತ್ತಳತೆ 36 ಇಂಚು ಇರುವವರಿಗೆ 44 ಇಂಚು ಅಗಲದ ಹತ್ತಿ ಮಲ್, ಅಂದರೆ ತೆಳು ಮಲ್‌ಮಲ್ ಬಟ್ಟೆ, ಎರಡೂಕಾಲು ಮೀಟರ್ ಸಾಕು. ಅಂಗಡಿಯಲ್ಲಿ ಬಟ್ಟೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಜಗ್ಗಿ ನೋಡಿ. ಎಳೆ ಸರಿದು ಕಿಂಡಿ ಬಿದ್ದು, ಬಿಟ್ಟ ಮೇಲೂ ಕಿಂಡಿ ಹಾಗೇ ಉಳಿದರೆ ಆ ಮಲ್ ಬೇಡ. ಹೊಲಿಗೆ ಎಷ್ಟೇ ಸಣ್ಣದಿದ್ದರೂ ಕಂಕುಳಲ್ಲಿ ಬಟ್ಟೆಯೇ ಬಿಟ್ಟುಕೊಳ್ಳುತ್ತದೆ. ಮೊದಲ ಸಲಕ್ಕೆ ಪ್ರಿಂಟೂ ಬೇಡ. ಅಚ್ಚು ಎಳೆಯ ನೇರಕ್ಕೆ ಬಿದ್ದಿರದಿದ್ದರೆ ಎಳೆ ನೋಡಿ ಕತ್ತರಿಸಿದ ಅಂಗಿ ಸೊಟ್ಟ ಕಾಣುತ್ತದೆ, ಅಚ್ಚು ನೋಡಿ ಕತ್ತರಿಸಿದರೆ ಒಗೆದ ಮೇಲೆ ತಿರುಚುತ್ತದೆ. ಪಾಲಿಯೆಸ್ಟರ್, ಜಾರ್ಜೆಟ್ ದೂರವಿಡಿ. ಉಗುರಿನಿಂದ ತೀಡಿದ ಮಡಿಕೆ ಅದರಲ್ಲಿ ನಿಲ್ಲುವುದಿಲ್ಲ, ಮತ್ತು ಕೈಹೊಲಿಗೆಯ ಅರ್ಧ ಕೆಲಸ ಉಗುರಿನದೇ.

ತಂದ ಬಟ್ಟೆಯ ಒಂದು ಮೂಲೆಯಲ್ಲಿ ಬಣ್ಣದ ದಾರದಿಂದ 10 ಇಂಚಿನ ಚೌಕ ಗುರುತು ಮಾಡಿ. ರಾತ್ರಿಯಿಡೀ ಬರೀ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಚೌಕ ಮತ್ತೆ ಅಳೆಯಿರಿ. ಒಂಬತ್ತೂವರೆಗೆ ಬಂದಿದ್ದರೆ ಬಟ್ಟೆ ನೂರಕ್ಕೆ ಐದು ಕುಗ್ಗಿದೆ ಎಂದರ್ಥ. ಉದ್ದಕ್ಕೊಂದು ಅಗಲಕ್ಕೊಂದು ಲೆಕ್ಕ ಬರುವುದು ಸಾಮಾನ್ಯ. ಈ ಹಂತ ಬಿಟ್ಟರೆ ಆಗುವುದು ಇಷ್ಟು: ಮೊದಲ ಒಗೆತದಲ್ಲಿ ಬಟ್ಟೆ ಕುಗ್ಗುತ್ತದೆ, ದಾರ ಅಷ್ಟು ಕುಗ್ಗುವುದಿಲ್ಲ, ಹೊಲಿಗೆಯ ಉದ್ದಕ್ಕೂ ಸುಕ್ಕು ಏಳುತ್ತದೆ. ಇಸ್ತ್ರಿಗೂ ಅದು ಹೋಗುವುದಿಲ್ಲ.

ಮಲ್ ಜಾರುವ ಬಟ್ಟೆ, ಕತ್ತರಿಯ ಬಾಯಲ್ಲಿ ಸರಿಯುತ್ತದೆ. ಅದಕ್ಕೆ ತೆಳು ಗಂಜಿ ಕೊಡಿ. ಎರಡು ದೊಡ್ಡ ಚಮಚ ಅಕ್ಕಿ ಹಿಟ್ಟನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಒಂದು ಲೀಟರ್ ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ ಕೈಯಾಡಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಇನ್ನೊಂದು ಲೀಟರ್ ತಣ್ಣೀರು ಬೆರೆಸಿ ಅದ್ದಿದರಾಯಿತು. ಘಟ್ಟದ ಕೆಳಗಿನ ಮನೆಗಳಲ್ಲಿ ಗಂಜಿಗೇನು ಬರವಿಲ್ಲ ಎಂದು ಕುಚ್ಚಲಕ್ಕಿಯ ತಿಳಿ ಬಳಸಲು ಹೋಗಬೇಡಿ. ಅದರ ಕೆಂಪು ಬಿಳಿ ಮಲ್‌ಗೆ ಕಂದು ಛಾಯೆ ಹಿಡಿಸುತ್ತದೆ. ಇನ್ನೂ ಸ್ವಲ್ಪ ಹಸಿ ಇರುವಾಗಲೇ ಹಾಸಿನ ಎಳೆಗುಂಟ ಇಸ್ತ್ರಿ ಎಳೆಯಿರಿ, ಓರೆಯಾಗಿ ಎಳೆದರೆ ಬಟ್ಟೆ ವಾಲುತ್ತದೆ.

ಸೂಜಿ, ದಾರ, ಮೇಣ

ಸೂಜಿಯ ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣ. ಮಲ್‌ಗೆ 9 ಅಥವಾ 10, ಪಾಪ್ಲಿನ್‌ಗೆ 8, ಗುಂಡಿ ಹಚ್ಚಲು 7. ಮನೆಯ ಡಬ್ಬಿಯಲ್ಲಿ ಸಿಗುವ ಉದ್ದ ದಪ್ಪ ಸೂಜಿಯಿಂದ ಮಲ್ ಹೊಲಿದರೆ ಟಾಕಾ ಬಿದ್ದಲ್ಲೆಲ್ಲ ತೂತು ಕಾಣುತ್ತದೆ, ಒಂದೇ ಸಲಕ್ಕೆ ಎರಡು ಎಳೆ ಮಾತ್ರ ಹಿಡಿಯುವುದಂತೂ ಆಗದ ಮಾತು. ನಡುಬೆರಳಿಗೆ ಅಂಗುಸ್ತಾನ, ಅಂದರೆ ಸೂಜಿ ದೂಡುವ ಬೆರಳ ಟೊಪ್ಪಿ, ಹಾಕಿಕೊಳ್ಳಿ. ಮೊದಲ ಎರಡು ದಿನ ಕೈ ಮರಗಟ್ಟಿದಂತೆ ಅನಿಸುತ್ತದೆ, ಮೂರನೇ ದಿನ ಅದಿಲ್ಲದೆ ಹೊಲಿಯಲು ಆಗುವುದಿಲ್ಲ.

ದಾರ ಹತ್ತಿಯದಾಗಲಿ, 50 ಅಥವಾ 60 ನಂಬರಿನದು. ರೀಲಿನಲ್ಲಿ ನೋಡಿದ ಬಣ್ಣಕ್ಕಿಂತ ಬಟ್ಟೆಯ ಮೇಲೆ ಒಂಟಿ ಎಳೆ ತಿಳಿಯಾಗಿ ಕಾಣುತ್ತದೆ, ಹಾಗಾಗಿ ಬಟ್ಟೆಗಿಂತ ಒಂದು ಛಾಯೆ ಗಾಢ ಇರುವುದನ್ನು ಆರಿಸಿ. ಉದ್ದ ಒಂದು ಮೊಳ, ಮಲ್ಲಿಗೆ ಅಳೆದು ಕೊಡುವ ಅದೇ ಮೊಳ. ಮತ್ತೆ ಮತ್ತೆ ಪೋಣಿಸುವ ಬೇಸರಕ್ಕೆ ಒಂದು ಮಾರು ದಾರ ತೆಗೆದುಕೊಂಡರೆ ಪ್ರತಿ ಟಾಕಾಕ್ಕೂ ಆ ಉದ್ದವೆಲ್ಲ ಬಟ್ಟೆಯೊಳಗೆ ಉಜ್ಜಿ ಹೋಗಬೇಕು. ಕೊನೆಗೆ ಬರುವ ಹೊತ್ತಿಗೆ ದಾರ ಸವೆದು ರೋಮ ಎದ್ದಿರುತ್ತದೆ. ರೀಲಿನಿಂದ ಮೊದಲು ಹೊರಬಂದ ತುದಿಯನ್ನೇ ಸೂಜಿಗೆ ಪೋಣಿಸಿ, ಕತ್ತರಿಸಿದ ತುದಿಗೆ ಗಂಟು ಹಾಕಿ.

ದಾರಕ್ಕೆ ಜೇನುಮೇಣ ಹಚ್ಚುವುದು ಹಳೆ ದರ್ಜಿಗಳ ಪದ್ಧತಿ, ಶಿರಸಿ ಸಿದ್ದಾಪುರದ ಕಡೆ ಜೇನುಪೆಟ್ಟಿಗೆ ಇಟ್ಟವರ ಮನೆಯಲ್ಲಿ ಮೇಣಕ್ಕೆ ಹುಡುಕಾಟವೂ ಬೇಡ. ತುಡುವೆಯ ತುಪ್ಪ ತೆಗೆದ ಎರಿಯನ್ನು ಬಿಸಿನೀರಲ್ಲಿ ಕರಗಿಸಿ ಸೋಸಿ, ಗಟ್ಟಿಯಾದ ತುಣುಕನ್ನು ಇಟ್ಟುಕೊಳ್ಳಿ. ದಾರವನ್ನು ಮೇಣದ ಮೇಲೆ ಎರಡು ಸಲ ಎಳೆದು, ಎರಡು ಕಾಗದದ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಇಸ್ತ್ರಿ ಒತ್ತದೆ ಬಿಟ್ಟರೆ ಮೇಣ ದಾರದ ಮೇಲೆಯೇ ಕುಳಿತು ಬಿಳಿ ಬಟ್ಟೆಗೆ ಕೊಳೆ ಹಿಡಿಸುತ್ತದೆ.

ಕಾರವಾರದಂಥ ಕಡಲ ಊರಲ್ಲಿ ಸೂಜಿಗೆ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಕೆಲಸ ಮುಗಿದ ಮೇಲೆ ಬಟ್ಟೆಗೆ ಚುಚ್ಚಿ ಬಿಟ್ಟ ಸೂಜಿಯ ಸುತ್ತ ಬೆಳಗಾಗುವುದರೊಳಗೆ ಕಂದು ಚುಕ್ಕೆ ಕಾಣಬಹುದು. ಒಣ ಉಣ್ಣೆಯ ತುಂಡಿಗೆ ಸೂಜಿಗಳನ್ನು ಚುಚ್ಚಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಸೀಮೆಸುಣ್ಣದ ತುಂಡಿನ ಜೊತೆ ಇಡಿ. ಬಿಳಿ ಹತ್ತಿಯ ಮೇಲೆ ತುಕ್ಕಿನ ಕಲೆ ಬಿದ್ದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿ ತೊಳೆಯಿರಿ. ಬ್ಲೀಚಿಂಗ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ಸುಲಿದ ಕೈಯಿಂದ ಈ ಕೆಲಸಕ್ಕೆ ಕೂರಲೇಬೇಡಿ. ಚೊಗರಿನ ಕಲೆ ಒಂದು ಕಾಟ, ಒಡೆದ ಬೆರಳ ತುದಿಗೆ ಮಲ್‌ನ ಎಳೆ ಸಿಕ್ಕಿಕೊಳ್ಳುವುದು ಇನ್ನೊಂದು. ಬೆವರುವ ಕೈಗೆ ಚಿಟಿಕೆ ಪೌಡರ್ ಸಾಕು.

ಮೂರು ಹೊಲಿಗೆ

ಎಂಟು ಇಂಚಿನ ತುಂಡಿನಲ್ಲಿ ಮೊದಲು ಕೈ ಪಳಗಿಸಿ. ಗೆರೆ ಹಾಕಲು ಪೆನ್ಸಿಲ್ ಬೇಡ: ಸೂಜಿ ತುದಿಯಿಂದ ಒಂದು ಎಳೆ ಎತ್ತಿ ಮೆಲ್ಲಗೆ ಹೊರಗೆಳೆಯಿರಿ. ಎಳೆ ಹೋದ ಜಾಗದಲ್ಲಿ ಕೂದಲಿನಷ್ಟು ಸಣ್ಣ ಹಾದಿ ಕಾಣುತ್ತದೆ, ಅದರ ಪಕ್ಕದಲ್ಲೇ ಹೊಲಿಯಿರಿ.

ಸಾದಾ ಹೊಲಿಗೆಯಲ್ಲಿ ಹೊಸಬರು ಸೂಜಿಯನ್ನು ಒಂದೊಂದೇ ಸಲ ಚುಚ್ಚಿ ಎಳೆಯುತ್ತಾರೆ. ಹಾಗೆ ಮಾಡಿದರೆ ಟಾಕಾ ಒಂದರಂತೆ ಇನ್ನೊಂದು ಇರುವುದಿಲ್ಲ. ಸೂಜಿ ನಿಂತಲ್ಲೇ ಇರಬೇಕು, ಎಡಗೈ ಬಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತ ಸೂಜಿಗೆ ಉಣಿಸಬೇಕು. ನಾಲ್ಕೈದು ಟಾಕಾ ಸೂಜಿಯ ಮೇಲೆ ಕೂತ ಮೇಲೆ ಒಮ್ಮೆ ಎಳೆದು, ಹೊಲಿದ ಗೆರೆಯನ್ನು ಹೆಬ್ಬೆರಳ ಉಗುರಿನಿಂದ ತೀಡಿ. ಶುರುವಿನಲ್ಲಿ ಇಂಚಿಗೆ 8 ಬಂದರೆ ಸಾಕು, ಕುರ್ತಾಕ್ಕೆ ಕೈಹಾಕುವ ಹೊತ್ತಿಗೆ 10 ಬರಬೇಕು. ಎಣಿಸಿ ನೋಡಿ, ಅಂದಾಜು ಬೇಡ. ಜೋಡಿಸುವ ಹೊಲಿಗೆಗಳಲ್ಲಿ ಪ್ರತಿ ನಾಲ್ಕನೇ ಟಾಕಾವನ್ನು ಹಿಂದಕ್ಕೆ ಹಾಕಿ, ಅಂದರೆ ಸೂಜಿ ಹೊರಬಂದಲ್ಲಿಂದ ಒಂದು ಟಾಕಾದಷ್ಟು ಹಿಂದೆ ಹೋಗಿ ಮುಂದೆ ಬನ್ನಿ. ಮುಂದೆ ಎಲ್ಲಾದರೂ ದಾರ ಹರಿದರೆ ಹೊಲಿಗೆ ಅಲ್ಲಿಗೇ ನಿಲ್ಲುತ್ತದೆ.

ಹೊಲಿದ ತುಂಡನ್ನು ಗೆರೆಯುದ್ದಕ್ಕೆ ಹಿಡಿದು ಜಗ್ಗಿ. ಟಪ್ಪೆಂದು ಹರಿದರೆ ದಾರ ಬಿಗಿಯಾಯಿತು, ಹೊಲಿಗೆ ನಡುವೆ ಬಾಯಿಬಿಟ್ಟರೆ ಸಡಿಲವಾಯಿತು. ಬಿಗಿಯ ತಪ್ಪೇ ಹೆಚ್ಚು. ಗಟ್ಟಿ ಬರಲಿ ಎಂಬ ಆಸೆಯಿಂದ ಎಳೆದ ಹೊಲಿಗೆ ಸುಕ್ಕೂ ಹೌದು, ಬಾಳಿಕೆ ಕಡಿಮೆಯೂ ಹೌದು.

ಎರಡನೆಯದು ಹಿಮ್ಮುಖ ಹೊಲಿಗೆ, ಪ್ರತಿ ಟಾಕಾವೂ ಹಿಂದಕ್ಕೆ. ಕುತ್ತಿಗೆ, ಕಂಕುಳು, ಸೀಳಿನ ತುದಿಗೆ ಮಾತ್ರ ಇದು ಬೇಕು. ಉಳಿದ ಕಡೆ ಹಾಕಿದರೆ ಹೊಲಿಗೆ ಬಿರುಸಾಗುತ್ತದೆ, ಮಲ್‌ನ ಇಳಿಬೀಳುವಿಕೆ ಹೋಗುತ್ತದೆ.

ಮೂರನೆಯದು ಹೆಮ್ಮಿಂಗ್. ಎಲ್ಲರಿಗೂ ಬರುತ್ತದೆ ಎನ್ನುವ ಹೊಲಿಗೆ, ಸರಿಯಾಗಿ ಬರುವವರು ಕಡಿಮೆ. ಮಡಿಕೆಯ ಕೆಳಗಿನ ಬಟ್ಟೆಯಿಂದ ಒಂದು ಅಥವಾ ಎರಡು ಎಳೆ ಮಾತ್ರ ಎತ್ತಿ, ಅದೇ ಓಟದಲ್ಲಿ ಮಡಿಕೆಯ ಅಂಚಿಗೆ ಚುಚ್ಚಿ ಹೊರಬನ್ನಿ. ಮೂರೆಳೆ ಹಿಡಿದರೆ ಹೊರಬದಿಯಲ್ಲಿ ಚುಕ್ಕೆ ಕಾಣುತ್ತದೆ. ಎತ್ತಿದ ಎಳೆ ಮಡಿಕೆಗೆ ನೇರ ಎದುರು ಇರಲಿ. ದೂರದಿಂದ ಎತ್ತಿದರೆ ಟಾಕಾ ಓರೆಯಾಗಿ ಉದ್ದವಾಗುತ್ತದೆ, ಒಗೆಯುವಾಗ ಬಳೆಗೋ ಕಾಲುಂಗುರಕ್ಕೋ ಸಿಕ್ಕಿ ಇಡೀ ಸಾಲು ಬಿಚ್ಚುತ್ತದೆ. ಇಂಚಿಗೆ 10 ರಿಂದ 12.

ಕೂರುವ ಜಾಗವೂ ಮುಖ್ಯ. ಬಲಗೈಯವರಿಗೆ ಬೆಳಕು ಎಡದಿಂದ ಬರಬೇಕು, ಇಲ್ಲದಿದ್ದರೆ ಕೈಯ ನೆರಳು ಟಾಕಾದ ಮೇಲೆಯೇ ಬೀಳುತ್ತದೆ. ಆಷಾಢದ ಮಧ್ಯಾಹ್ನ ಮನೆಯೊಳಗೆ ಎಳೆ ಎಣಿಸುವ ಬೆಳಕು ಇರುವುದಿಲ್ಲ, ಜಗಲಿಯ ತುದಿಗೆ ಬನ್ನಿ.

ಕತ್ತರಿಸುವುದು

ಅಳತೆಯ ಲೆಕ್ಕ ಹೀಗೆ. ಎದೆಯ ಅರ್ಧಕ್ಕೆ 3 ಇಂಚು ಸಡಿಲ ಸೇರಿಸಿದರೆ ಒಡಲಿನ ಅಗಲ: 18 ಮತ್ತು 3, ಒಟ್ಟು 21. ಎರಡೂ ಬದಿಗೆ ಅರ್ಧರ್ಧ ಇಂಚು ಮಾರ್ಜಿನ್ (ಹೊಲಿಗೆಯಾಚೆ ಬಿಡುವ ಬಟ್ಟೆ) ಸೇರಿ 22. ಭುಜದಿಂದ ಉದ್ದ 36 ಇಂಚು ಬೇಕಾದರೆ ಹಿಂದೆ ಮುಂದೆ ಸೇರಿ 72, ಕೆಳ ಅಂಚಿನ ಮಡಿಕೆಗೆ ಒಂದೂಕಾಲರಂತೆ ಎರಡೂವರೆ, ಒಟ್ಟು 74½. ಒಡಲು ಇದೊಂದೇ ಉದ್ದ ತುಂಡು. ತೋಳು ಎರಡು, ಒಂದೊಂದೂ 16 ಇಂಚು ಅಗಲ, 14 ಇಂಚು ಉದ್ದ. ಒಡಲು ಅಗಲ ಇರುವುದರಿಂದ ಭುಜ ಹೇಗೂ ಕೆಳಗೆ ಇಳಿಯುತ್ತದೆ, ಹಾಗಾಗಿ ಇಷ್ಟು ಉದ್ದಕ್ಕೇ ತೋಳು ಮೊಣಕೈ ಮುಟ್ಟುತ್ತದೆ. ತೋಳು ಒಡಲು ಸೇರುವ ಕಂಕುಳಡಿಗೆ ಹೊಲಿಯುವ ಕಂಕುಳ ಚೌಕ ಎರಡು, 5 ಇಂಚಿನವು. ಕುತ್ತಿಗೆಯ ಮುಂದಿನ ಸೀಳಿಗೆ ಪಟ್ಟಿ ಒಂದು, 3 ಇಂಚು ಅಗಲ, ಆರೂವರೆ ಉದ್ದ. ಕುತ್ತಿಗೆಗೆ ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ, ಒಂದೂಕಾಲು ಇಂಚು ಅಗಲ, 22 ಇಂಚು ಉದ್ದ. ಕುಗ್ಗಿದ ಬಟ್ಟೆಯ ಅಗಲ ಸುಮಾರು 43 ಇದ್ದರೆ 22 ಒಡಲಿಗೆ ಹೋಗುತ್ತದೆ, ಉಳಿದ 21ರ ಪಟ್ಟಿಯಲ್ಲಿ ಮಿಕ್ಕಿದ್ದೆಲ್ಲ ಹಿಡಿಸುತ್ತದೆ.

ಪ್ರತಿ ಗೆರೆಗೂ ಎಳೆ ತೆಗೆದೇ ಕತ್ತರಿಸಿ. ನಿಧಾನ, ನಿಜ. ಆದರೆ ಹಾಸು ಹೊಕ್ಕಿನ ಎಳೆಗೆ ಸರಿಯಾಗಿ ಕತ್ತರಿಸಿದ ಅಂಚು ಮಡಚಿದಾಗ ತಾನೇ ನೇರ ಕೂರುತ್ತದೆ, ಇಸ್ತ್ರಿಯೂ ಬೇಡ. ಸ್ಕೇಲಿಟ್ಟು ಎಳೆದ ಗೆರೆ ಎರಡೆಳೆ ಆಚೀಚೆ ಆದರೂ ಮಡಿಕೆ ಹಾವಿನಂತೆ ಹೊರಳುತ್ತದೆ. ನಡುನಡುವೆ ಎಳೆ ತುಂಡಾಗುವುದು ಸಹಜ, ಮುರಿದಲ್ಲಿಂದ ಮತ್ತೆ ಎತ್ತಿಕೊಳ್ಳಿ.

ಕುತ್ತಿಗೆ ಮತ್ತು ಸೀಳು

ಕುತ್ತಿಗೆಯ ಕೆಲಸ ಮೊದಲೇ ಮುಗಿಸಿ. ತೋಳು ಹಚ್ಚಿದ ಮೇಲೆ ಇಡೀ ಅಂಗಿಯ ಭಾರ ತೊಡೆಯ ಮೇಲೆ ಜಗ್ಗುತ್ತದೆ.

ಒಡಲನ್ನು ಭುಜದ ಗೆರೆಗೆ ಅಡ್ಡ, ನಡುಗೆರೆಗೆ ಉದ್ದ ಮಡಚಿ ನಾಲ್ಕು ಪದರ ಮಾಡಿ, ಎರಡೂ ಮಡಿಕೆಯ ಮೇಲೆ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ದೊಡ್ಡ ಟಾಕಾ) ಹಾಕಿ ಗುರುತಿಡಿ. ಬಿಚ್ಚಿ, ನಡುವಿನಿಂದ ಆಚೀಚೆ 3 ಇಂಚು, ಮುಂದೆ 4 ಇಂಚು ಆಳ, ಹಿಂದೆ ಮುಕ್ಕಾಲು ಇಂಚು. ಇಷ್ಟು ಸಣ್ಣ ಕತ್ತರಿಸಿದ್ದು ಯಾಕೆಂದರೆ ಹೊಲಿಗೆಯಲ್ಲಿ ಸುತ್ತ ಕಾಲು ಇಂಚು ಒಳಗೆ ಹೋಗಿ ಕುತ್ತಿಗೆ ಆರೂವರೆ ಅಗಲಕ್ಕೆ ಬರುತ್ತದೆ. ಕತ್ತರಿಸಿದ ಕೂಡಲೇ, ಎತ್ತಿ ನೋಡುವ ಮೊದಲೇ, ಅಂಚಿನಿಂದ ಒಂದು ನೂಲು ಒಳಗೆ, ಅಂದರೆ ಇಂಚಿನ ಎಂಟನೇ ಒಂದು ಭಾಗ ಬಿಟ್ಟು, ಸುತ್ತ ಸಾದಾ ಹೊಲಿಗೆ ಹಾಕಿ. ಗುಂಡು ಕತ್ತರಿಸಿದ ಜಾಗ ಓರೆ ಎಳೆಯಲ್ಲಿ ಇರುತ್ತದೆ, ಎರಡು ಸಲ ಎತ್ತಿಟ್ಟರೆ ಹಿಗ್ಗಿ ಬಿಡುತ್ತದೆ.

ಸುತ್ತಳತೆ ಹತ್ತೊಂಬತ್ತು ಇಂಚಿನ ಆಸುಪಾಸು ಇರುವ ಈ ಕುತ್ತಿಗೆಯಲ್ಲಿ ತಲೆ ತೂರುವುದಿಲ್ಲ, ಅದಕ್ಕೆ ಮುಂದೆ 5 ಇಂಚಿನ ಸೀಳು. ಸೀಳಿನ ಪಟ್ಟಿಯ ಎರಡು ಉದ್ದ ಅಂಚು, ಒಂದು ಕೆಳ ಅಂಚನ್ನು ಕಾಲು ಇಂಚು ಮಡಚಿ ಇಸ್ತ್ರಿ ಮಾಡಿ. ಪಟ್ಟಿಯ ಒಳ್ಳೆ ಬದಿ ಅಂಗಿಯ ಒಳ್ಳೆ ಬದಿಗೆ ತಾಗುವಂತೆ ನಡುಗೆರೆಯ ಮೇಲಿಟ್ಟು ಕಚ್ಚಾ ಹೊಲಿಗೆ ಹಾಕಿ. ಈಗ ನಡುಗೆರೆಯ ಎಡಕ್ಕೆ ಎರಡು ನೂಲು ದೂರದಿಂದ ಹಿಮ್ಮುಖ ಹೊಲಿಗೆ ಶುರುಮಾಡಿ, ಕೆಳಗೆ ಹೋಗುತ್ತ ಗೆರೆಗೆ ಹತ್ತಿರವಾಗಿ, ತುದಿಯಲ್ಲಿ ಒಂದು ಅಡ್ಡ ಟಾಕಾ ಹಾಕಿ, ಬಲಬದಿಯಿಂದ ಮೇಲೆ ಬನ್ನಿ. ತುದಿಯ ಹತ್ತಿರ ಇಂಚಿಗೆ 15ರಷ್ಟು ಸಣ್ಣ ಟಾಕಾ ಇರಲಿ. ಆಮೇಲೆ ಮಾತ್ರ ನಡುಗೆರೆ ಕತ್ತರಿಸಿ, ಅಡ್ಡ ಟಾಕಾಕ್ಕೆ ಎರಡೆಳೆ ಬಾಕಿ ಇರುವಲ್ಲಿ ನಿಲ್ಲಿಸಿ. ಹೆದರಿ ಅರ್ಧ ಸೆಂಟಿಮೀಟರ್ ಮೊದಲೇ ನಿಲ್ಲಿಸಿದರೆ ಪಟ್ಟಿ ತಿರುಗಿಸಿದಾಗ ತುದಿಯಲ್ಲಿ ನೆರಿಗೆ ಬೀಳುತ್ತದೆ. ಟಾಕಾ ತುಂಡಾದರೆ ಅಲ್ಲಿಂದಲೇ ಅಂಗಿ ಹರಿಯುತ್ತದೆ. ತುದಿಯಲ್ಲಿ ಒಂದು ಟಾಕಾ ಅಡ್ಡ ಬೇಕು ಎಂದದ್ದೂ ಇದಕ್ಕೇ. ವಿ ಅಕ್ಷರದಂತೆ ಚೂಪಾಗಿ ಹೊಲಿದರೆ ಕತ್ತರಿಗೆ ಜಾಗವೇ ಇರುವುದಿಲ್ಲ. ಪಟ್ಟಿಯನ್ನು ಒಳಗೆ ತಿರುಗಿಸಿ, ಅಂಚು ತೀಡಿ, ಮಡಿಕೆಯನ್ನು ಹೆಮ್ಮಿಂಗ್ ಮಾಡಿ.

ಕ್ರಾಸ್ ಪಟ್ಟಿಯನ್ನು ಹಚ್ಚುವ ಮೊದಲೇ ಇಸ್ತ್ರಿಯಿಂದ ಕುತ್ತಿಗೆಯ ಆಕಾರಕ್ಕೆ ಬಾಗಿಸಿ, ಹೊರ ಅಂಚು ಹಿಗ್ಗಲಿ, ಒಳ ಅಂಚು ಹಾಗೇ ಇರಲಿ. ಹೊಲಿಯುವಾಗ ಎಳೆಯಬೇಡಿ, ಎಳೆದರೆ ಕುತ್ತಿಗೆ ಸುಕ್ಕಾಗಿ ನಿಲ್ಲುತ್ತದೆ. ಒಳ್ಳೆ ಬದಿಗೆ ಒಳ್ಳೆ ಬದಿ ಇಟ್ಟು, ಸೀಳಿನ ಎರಡೂ ಕಡೆ ಅರ್ಧ ಇಂಚು ಹೊರಗೆ ಬಿಟ್ಟು, ಕಾಲು ಇಂಚಿನಲ್ಲಿ ಹಿಮ್ಮುಖ ಹೊಲಿಗೆ. ಅರ್ಧ ಇಂಚಿಗೊಂದರಂತೆ ಮಾರ್ಜಿನ್‌ಗೆ ಸಣ್ಣ ಕಚ್ಚು ಕೊಟ್ಟು, ಪಟ್ಟಿಯ ಹೊರಗೆ ಬಿಟ್ಟ ತುದಿ ಮಡಚಿ, ಒಳಗೆ ತಿರುಗಿಸಿ, ಕಾಲು ಇಂಚು ಮಡಚಿ ಹೆಮ್ಮಿಂಗ್. ಗುಂಡಿಯ ದಾರ ಕುಣಿಕೆ ಕೊನೆಗೆ.

ತೋಳು ಮತ್ತು ಕಂಕುಳ ಚೌಕ

ಇಲ್ಲಿಂದ ಮುಚ್ಚು ಹೊಲಿಗೆ ಶುರು. ಕೆಲಸ ಎರಡು ಸುತ್ತಿನದು: ಅರ್ಧ ಇಂಚು ಮಾರ್ಜಿನ್‌ನಲ್ಲಿ ಎರಡು ತುಂಡು ಸೇರಿಸಿ ಹೊಲಿಯುವುದು ಮೊದಲ ಸುತ್ತು. ಆಮೇಲೆ ಕೆಳಗಿನ ಮಾರ್ಜಿನನ್ನು ಒಂದೂವರೆ ನೂಲಿಗೆ, ಅಂದರೆ ಸುಮಾರು 5 ಮಿಲಿಮೀಟರಿಗೆ ಕತ್ತರಿಸಿ, ಉದ್ದದ ಮಾರ್ಜಿನನ್ನು ಅದರ ಮೇಲೆ ಮಡಚಿ ಹೊದಿಸಿ, ಬಟ್ಟೆಗೆ ಹೆಮ್ಮಿಂಗ್ ಮಾಡುವುದು ಎರಡನೇ ಸುತ್ತು. ಕತ್ತರಿಸಿದ ಅಂಚು ಎಲ್ಲೂ ಹೊರಗೆ ಕಾಣುವುದಿಲ್ಲ.

ಒಡಲಿನ ಬದಿ ಅಂಚಿನಲ್ಲಿ ಭುಜದ ಗೆರೆಯಿಂದ ಮುಂದಕ್ಕೆ ಏಳೂವರೆ, ಹಿಂದಕ್ಕೆ ಏಳೂವರೆ ಇಂಚು ಅಳೆದು ಗುರುತು ಹಾಕಿ. ಇವೇ ಕಂಕುಳ ಮೂಲೆಗಳು. ತೋಳಿನ 16 ಇಂಚಿನ ಅಂಚಿನ ನಡುವನ್ನು ಭುಜದ ಗೆರೆಗೆ ಕೂಡಿಸಿ, ಮೂಲೆಯಿಂದ ಮೂಲೆಗೆ ಹೊಲಿಯಿರಿ. ತೋಳಿನ ಎರಡೂ ತುದಿಯ ಅರ್ಧ ಇಂಚು ಹೊಲಿಯದೆ ಬಿಡಬೇಕು. ಈ ಅರ್ಧ ಇಂಚು ಮರೆತು ತುದಿವರೆಗೆ ಹೊಲಿದರೆ ಚೌಕ ಕೂರುವುದೇ ಇಲ್ಲ. ಕಂಕುಳ ಚೌಕ ಕೆಟ್ಟರೆ ಮೊದಲು ನೋಡಬೇಕಾದ್ದು ಇದನ್ನೇ. ಒಡಲಿನ ಮಾರ್ಜಿನ್ ಕತ್ತರಿಸಿ, ತೋಳಿನದನ್ನು ಮೇಲೆ ಹೊದಿಸಿ, ಒಡಲಿನ ಕಡೆಗೆ ಒರಗಿಸಿ ಹೆಮ್ಮಿಂಗ್. ಮೂಲೆಗೆ ಅರ್ಧ ಇಂಚು ಮೊದಲೇ ನಿಲ್ಲಿಸಿ.

ಈಗ ಚೌಕ. ಅದರ ನಾಲ್ಕೂ ಬದಿಗೆ ಅರ್ಧ ಇಂಚಿನ ಗೆರೆ ತೀಡಿ, ಗೆರೆ ಕೂಡುವ ನಾಲ್ಕು ಬಿಂದುಗಳಲ್ಲಿ ದಾರದ ಗುರುತು ಹಾಕಿ. ನಡುವೆ ಉಳಿಯುವುದು 4 ಇಂಚಿನ ಚೌಕ. ಒಂದು ಬಿಂದುವನ್ನು ಮುಂದಿನ ಕಂಕುಳ ಮೂಲೆಗೆ ಗುಂಡುಸೂಜಿಯಿಂದ ಚುಚ್ಚಿ ನಿಲ್ಲಿಸಿ. ಅಲ್ಲಿಂದ ಶುರುಮಾಡಿ ಚೌಕದ ಒಂದು ಬದಿಯನ್ನು ತೋಳಿನ ಮುಂದಿನ ಅಂಚಿಗೆ 4 ಇಂಚು ಹೊಲಿದು ಬಿಂದುವಿನಲ್ಲಿ ನಿಲ್ಲಿಸಿ. ಮತ್ತೆ ಅದೇ ಮೂಲೆಗೆ ಬಂದು, ಚೌಕದ ಪಕ್ಕದ ಬದಿಯನ್ನು ಒಡಲಿನ ಮುಂದಿನ ಅಂಚಿಗೆ 4 ಇಂಚು ಹೊಲಿಯಿರಿ. ಎರಡೂ ಹೊಲಿಗೆ ಒಂದೇ ತೂತಿನಿಂದ ಹೊರಟಂತೆ ಇರಬೇಕು. ಒಂದೆಳೆ ಬಾಕಿ ಉಳಿದರೂ ಅಲ್ಲಿ ಸಣ್ಣ ಕಿಂಡಿ, ಒಂದೆಳೆ ದಾಟಿದರೆ ಹೊರಬದಿಗೆ ಸಣ್ಣ ಗುಬ್ಬಿ. ಗುಬ್ಬಿ ಎದ್ದರೆ ಇಸ್ತ್ರಿಯಿಂದ ಒತ್ತಿ ಮರೆಮಾಡಲು ಹೋಗಬೇಡಿ, ಕೊನೆಯ ಎರಡು ಟಾಕಾ ಬಿಚ್ಚಿ ಮತ್ತೆ ಹಾಕಿ.

ಈ ಎರಡು ಬದಿಗಳನ್ನು ಮುಚ್ಚುವಾಗ ಚೌಕದ ಮಾರ್ಜಿನ್ ಮೇಲೆ ಬರಲಿ, ತೋಳಿನದೂ ಒಡಲಿನದೂ ಕತ್ತರಿಸಿ ಕೆಳಗೆ ಹೋಗಲಿ. ಕತ್ತರಿಸುವ ಮೊದಲು ಚೌಕ ಮುಗಿಯುವ ಬಿಂದುವಿನ ಎದುರು ಮಾರ್ಜಿನ್‌ಗೆ ಅಡ್ಡ ಕಚ್ಚು ಕೊಡಿ, ಹೊಲಿಗೆಗೆ ಎರಡೆಳೆ ಬಾಕಿ ಇರುವವರೆಗೆ. ಕಚ್ಚಿನ ಆಚೆಯ ಮಾರ್ಜಿನ್ ಪೂರ್ತಿ ಅರ್ಧ ಇಂಚು ಉಳಿಯಬೇಕು, ಮುಂದಿನ ಹೊಲಿಗೆಗೆ ಅದು ಬೇಕು. ಕಂಕುಳ ಮೂಲೆಯಲ್ಲಿ ಚೌಕದ ಮಾರ್ಜಿನನ್ನು ಮೊದಲು ಮೂಲೆಯಿಂದ ಒಳಗೆ ಮಡಚಿ, ಆಮೇಲೆ ಎರಡು ಬದಿ ಮಡಚಿದರೆ ಅಂಚೆ ಲಕೋಟೆಯ ಮೂಲೆಯಂತೆ ಚಪ್ಪಟೆ ಕೂರುತ್ತದೆ. ತೋಳಿನ ಹೊಲಿಗೆಯ ಬಿಟ್ಟ ತುದಿ ಅದರ ಅಡಿಗೆ ಸೇರಿಕೊಳ್ಳುತ್ತದೆ.

ಉಳಿದದ್ದು ಒಂದೇ ಉದ್ದ ಹೊಲಿಗೆ. ಅಂಗಿಯನ್ನು ಒಳ್ಳೆ ಬದಿ ಒಳಗಾಗಿ ಭುಜದಲ್ಲಿ ಮಡಚಿ. ತೋಳಿನ ಬಾಯಿಯಿಂದ ಶುರುಮಾಡಿ ಮುಂದಿನ ಅಂಚನ್ನು ಹಿಂದಿನ ಅಂಚಿಗೆ ಸೇರಿಸುತ್ತ ಬನ್ನಿ. ಚೌಕ ಸಿಕ್ಕಲ್ಲಿ ಹಿಂದಿನ ಅಂಚು ನೇರವಾಗೇ ಮುಂದುವರಿಯುತ್ತದೆ, ಮುಂದಿನ ಪದರ ಮಾತ್ರ ತಿರುಗಿ ಚೌಕದ ಮೂರನೇ ಬದಿಯಾಗುತ್ತದೆ. ಹಿಂದಿನ ಕಂಕುಳ ಮೂಲೆ ತಲುಪಿ, ಎರಡು ಹಿಮ್ಮುಖ ಟಾಕಾ ಹಾಕಿ, ದಾರ ಕತ್ತರಿಸದೆ ಬಟ್ಟೆ ತಿರುಗಿಸಿ. ಚೌಕದ ನಾಲ್ಕನೇ ಬದಿ ಒಡಲಿನ ಹಿಂದಿನ ಅಂಚಿಗೆ, ಮುಂದೆ ಒಡಲು ಒಡಲಿಗೆ, ಭುಜದಿಂದ 24 ಇಂಚು ಕೆಳಗೆ ಬರುವವರೆಗೆ. ಅದರ ಕೆಳಗಿನ 12 ಇಂಚು ಸೈಡ್ ಕಟ್. ಮುಚ್ಚುವಾಗ ಹಿಂಭಾಗದ ಮಾರ್ಜಿನ್ ಕತ್ತರಿಸಿ, ಮುಂಭಾಗದ್ದೂ ಚೌಕದ್ದೂ ಮೇಲೆ ಹೊದಿಸಿ. ತೋಳಿನ ಕೊಳವೆಯೊಳಗೆ ಹೆಮ್ಮಿಂಗ್ ಮಾಡುವಾಗ ಸೂಜಿ ಕೆಳಗಿನ ಪದರವನ್ನೂ ಹಿಡಿದುಬಿಡುತ್ತದೆ. ಒಂದು ರಟ್ಟಿನ ತುಂಡು ತೂರಿಸಿಟ್ಟುಕೊಳ್ಳಿ.

ಓದಲು ಇದು ಸಿಕ್ಕಾದಂತೆ ಕಾಣಬಹುದು. ಹಳೆ ಲುಂಗಿಯ ತುಂಡಿನಲ್ಲಿ ಒಂದೇ ಒಂದು ಕಂಕುಳು ಮಾಡಿ ನೋಡಿ, ಎರಡನೆಯದಕ್ಕೆ ಈ ಬರಹ ಬೇಕಾಗುವುದಿಲ್ಲ.

ಅಂಚು, ಕುಣಿಕೆ, ಮೊದಲ ಒಗೆತ

ಸೈಡ್ ಕಟ್ಟಿನ ಮಾರ್ಜಿನನ್ನು ಕಾಲು ಕಾಲು ಇಂಚಿನಂತೆ ಎರಡು ಸಲ ಮಡಚಿ ಹೆಮ್ಮಿಂಗ್. ಕೆಳ ಅಂಚು ಆಮೇಲೆ: ಕಾಲು ಇಂಚು ಒಮ್ಮೆ, ಒಂದು ಇಂಚು ಇನ್ನೊಮ್ಮೆ. ಈ ಕ್ರಮ ತಿರುಗುಮುರುಗಾದರೆ ಮೂಲೆಯಲ್ಲಿ ಕೆಳ ಅಂಚಿನ ದಪ್ಪ ಮತ್ತೆ ಮಡಚಿಕೊಂಡು ಗಡ್ಡೆಯಾಗುತ್ತದೆ. ತೋಳಿನ ಬಾಯಿಗೂ ಇದೇ ಅಳತೆ. ಸೈಡ್ ಕಟ್ಟಿನ ತಲೆಯಲ್ಲಿ, ಕೂತೆದ್ದಾಗ ಎಳೆತ ಬೀಳುವಲ್ಲಿ, ಕಾಲು ಇಂಚು ಅಗಲಕ್ಕೆ ಮೂರು ಅಡ್ಡ ಎಳೆ ಹಾಕಿ ಅದರ ಮೇಲೆ ಕಾಜಾ ಹೊಲಿಗೆ (ಗುಂಡಿ ತೂತಿನ ಅಂಚಿಗೆ ಹಾಕುವ ಹೊಲಿಗೆ) ಸುತ್ತಿ. ಕುತ್ತಿಗೆಯ ಕುಣಿಕೆಗೂ ಇದೇ ರೀತಿ: ಗುಂಡಿಯ ಮೇಲೆ ಹಾದು ಬರುವಷ್ಟು ಉದ್ದಕ್ಕೆ ನಾಲ್ಕು ಎಳೆ, ಮೇಲೆ ಒತ್ತೊತ್ತಾಗಿ ಕಾಜಾ ಹೊಲಿಗೆ.

ಲೆಕ್ಕ ಹಾಕಿದರೆ ಇಡೀ ಕುರ್ತಾದಲ್ಲಿ ಸುಮಾರು 380 ಇಂಚು ಹೊಲಿಗೆ ಇದೆ. ಇಂಚಿಗೆ 10ರಂತೆ 3,800 ಟಾಕಾ. ದಾರ ನೂರು ಮೀಟರಿನ ಒಂದು ರೀಲಿನಲ್ಲಿ ಧಾರಾಳ ಮುಗಿಯುತ್ತದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂರಬೇಡಿ, ಕಣ್ಣು ದಣಿದ ಮೇಲೆ ಹಾಕಿದ ಟಾಕಾವನ್ನು ಮರುದಿನ ಬಿಚ್ಚುವುದೇ ಆಗುತ್ತದೆ.

ಮುಗಿದ ಮೇಲೆ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ. ಮುಚ್ಚು ಹೊಲಿಗೆ ಗಾಢ ಪಟ್ಟಿಯಂತೆ ಕಾಣಬೇಕು, ಪಟ್ಟಿಯ ಅಗಲ ಉದ್ದಕ್ಕೂ ಒಂದೇ ಇರಬೇಕು. ಎಲ್ಲಾದರೂ ಪಟ್ಟಿಯಾಚೆ ಎಳೆಯ ನೆರಳು ಕಂಡರೆ ಅಲ್ಲಿ ಮಾರ್ಜಿನ್ ಪೂರ್ತಿ ಒಳಗೆ ಹೋಗಿಲ್ಲ. ನಾಲ್ಕು ಟಾಕಾ ಬಿಚ್ಚಿ, ಸೂಜಿ ತುದಿಯಿಂದ ಒಳಗೆ ದೂಡಿ, ಮತ್ತೆ ಹೆಮ್ಮಿಂಗ್ ಮಾಡಿ. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ ಗಂಜಿಯನ್ನು ಪೂರ್ತಿ ತೆಗೆಯಿರಿ. ಗಂಜಿ ಉಳಿಸಿ ಕಪಾಟಿನಲ್ಲಿಟ್ಟರೆ ಮಳೆಗಾಲ ಮುಗಿಯುವುದರೊಳಗೆ ಬೂಸ್ಟು ಬಂದು ಕರಿ ಚುಕ್ಕೆ ಬೀಳುತ್ತದೆ, ಬೆಳ್ಳಿಹುಳ ಬಂದು ತಿನ್ನುವುದೂ ಗಂಜಿಯ ಆಸೆಗೇ. ಮೊದಲ ಮೂರು ಒಗೆತ ಕಲ್ಲಿನ ಮೇಲೆ ಬೇಡ, ಬಕೆಟ್ಟಿನಲ್ಲೇ ಹಿಸುಕಿ ತೊಳೆದು, ಹೊರಳಿಸಿ ನೆರಳಿಗೆ ಹಾಕಿ.